ತೀರ್ಥಹಳ್ಳಿಗೆ ಹೊರಟವರೇ, ಒಂದು ಮಾತು

ತೀರ್ಥಹಳ್ಳಿಗೆ ರೈಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತುಂಗೆಯ ದಡದ ಆ ಪುಟ್ಟ ಊರಿಗೆ ಹೋಗುವುದು ಬಸ್ಸಿನಲ್ಲಿ, ಇಲ್ಲವೇ ನಿಮ್ಮದೇ ಗಾಡಿಯಲ್ಲಿ. ರೈಲಿನಲ್ಲೇ ಬರುವ ಮನಸ್ಸಿದ್ದರೆ ಶಿವಮೊಗ್ಗದಲ್ಲಿ ಇಳಿದು ಬಸ್ಸು ಹಿಡಿಯಿರಿ. ತಾಳಗುಪ್ಪದ ಗಾಡಿಯಲ್ಲಿ ಮುಂದೆ ಬಂದು ನಮ್ಮ ಆನಂದಪುರದಲ್ಲಿ ಇಳಿದು, ರಿಪ್ಪನ್‌ಪೇಟೆ, ಕೋಣಂದೂರಿನ ಕಡೆಯಿಂದಲೂ ಹೋಗಬಹುದು. ಎರಡೂ ದಾರಿ ಒಳ್ಳೆಯವೇ. ಆದರೆ ಯಾವ ದಾರಿ ಯಾರಿಗೆ ಸರಿ ಎಂದು ಯೋಚಿಸದೆ ಹೊರಟುಬಿಡುತ್ತೀರಲ್ಲ, ಅದಕ್ಕೇ ನಿಮ್ಮನ್ನು ಸ್ವಲ್ಪ ಗದರಬೇಕು ಅನ್ನಿಸುತ್ತದೆ.

ಮೊದಲ ಸಲ ಬರುವವರಿಗೆ, ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿರುವವರಿಗೆ ಶಿವಮೊಗ್ಗದ ದಾರಿಯೇ ವಾಸಿ. ಅಲ್ಲಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ಬಸ್ಸುಗಳು ಹೆಚ್ಚು, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲ ಇದೇ ದಾರಿಯಲ್ಲಿ ಬರುತ್ತವೆ. ಸಕ್ರೆಬೈಲಿನ ಆನೆ ಬಿಡಾರ ನೋಡಬೇಕೆಂದರೆ ಬೆಳಿಗ್ಗೆಯೇ ಅಲ್ಲಿರಬೇಕು. ಆನೆಗಳ ಸ್ನಾನ, ಊಟ ಎಲ್ಲ ಬೆಳಗಿನ ಹೊತ್ತಿನದು. ಮಧ್ಯಾಹ್ನ ಊಟ ಮುಗಿಸಿ ನಿಧಾನಕ್ಕೆ ಹೋಗಿ, ‘ಆನೆಯೇ ಇಲ್ಲ’ ಎಂದು ಬೇಸರ ಮಾಡಿಕೊಳ್ಳಬೇಡಿ. ಮಂಡಗದ್ದೆಯಲ್ಲಿ ಹಕ್ಕಿಗಳು ಹೊಳೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಹೋದರೆ ಬರಿಯ ಕೊಂಬೆ ನೋಡಿ ಬರುತ್ತೀರಿ.

ವಿಮಾನದಲ್ಲಿ ಬರುವವರಿಗೂ ಈಗ ಅನುಕೂಲವಿದೆ. ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ವಿಮಾನ ನಿಲ್ದಾಣಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿದೆ. ಆದರೆ ಅಲ್ಲಿಂದ ತೀರ್ಥಹಳ್ಳಿಗೆ ಹೇಗೆ ಹೋಗುವುದು ಎಂದು ಇಳಿದ ಮೇಲೆ ಯೋಚಿಸುವುದಲ್ಲ, ಹತ್ತುವ ಮುಂಚೆ ಯೋಚಿಸಬೇಕು. ಬೆಂಗಳೂರಿನವರಿಗಂತೂ ರಾತ್ರಿ ಬಸ್ಸೇ ಸುಲಭ. ರಾತ್ರಿ ಹತ್ತಿ ಮಲಗಿದರೆ ಬೆಳಗಾಗುವಾಗ ಊರು ಬಂದಿರುತ್ತದೆ. ಚಳಿಗಾಲವಾದರೆ ಒಂದು ಶಾಲನ್ನು ಕೈಗೆ ಸಿಗುವ ಹಾಗೆ ಮೇಲೆ ಇಟ್ಟುಕೊಳ್ಳಿ. ನಸುಕಿನ ಮಂಜಿನಲ್ಲಿ ಮಕ್ಕಳು ನಡುಗುತ್ತಾ ನಿಂತಿರುವಾಗ ಚೀಲದ ತಳದಿಂದ ಸ್ವೆಟರು ಹುಡುಕುವ ತಾಯಂದಿರನ್ನು ಕಂಡರೆ ಸಂಕಟವಾಗುತ್ತದೆ.

ನಮ್ಮ ಆನಂದಪುರದ ದಾರಿ ಯಾರಿಗೆ? ಸಾಗರ, ಜೋಗ, ಇಕ್ಕೇರಿ, ಕೆಳದಿ ನೋಡಿಕೊಂಡು ತೀರ್ಥಹಳ್ಳಿಗೆ ಹೋಗುವವರಿಗೆ. ಅವರು ಮತ್ತೆ ಶಿವಮೊಗ್ಗಕ್ಕೆ ಇಳಿದು ಸುತ್ತಿ ಬರಬೇಕಿಲ್ಲ. ಆನಂದಪುರದಿಂದ ಒಳಗೆ ತಿರುಗಿ ರಿಪ್ಪನ್‌ಪೇಟೆಗೆ ಹೋಗಿ, ಅಲ್ಲಿಂದ ತೀರ್ಥಹಳ್ಳಿ ಬಸ್ಸು ಹಿಡಿಯಬಹುದು. ಹುಂಚದ ಪದ್ಮಾವತಿ ಅಮ್ಮನವರ ಬಸದಿಯೂ ರಿಪ್ಪನ್‌ಪೇಟೆಯ ಹತ್ತಿರವೇ. ದೂರದರ್ಶನದ ‘ಮಾಲ್ಗುಡಿ ಡೇಸ್’ ನೋಡಿದ ನೆನಪಿದ್ದವರು ಅರಸಾಳು ರೈಲು ನಿಲ್ದಾಣಕ್ಕೂ ಒಂದು ಗಳಿಗೆ ಹೋಗಿಬನ್ನಿ. ಶಂಕರ್‌ನಾಗ್ ಚಿತ್ರೀಕರಿಸಿದ ಆ ಹಳೆಯ ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಆದರೆ ಒಳದಾರಿ ಎಂದರೆ ಒಳದಾರಿಯೇ. ಹೆದ್ದಾರಿಯ ಹಾಗೆ ಗಳಿಗೆಗೊಂದು ಬಸ್ಸು ಇರುವುದಿಲ್ಲ. ಕತ್ತಲಾದ ಮೇಲಂತೂ ಆಸೆ ಇಟ್ಟುಕೊಳ್ಳಲೇಬೇಡಿ. ಆನಂದಪುರದಲ್ಲಿ ಮಧ್ಯಾಹ್ನದೊಳಗೆ ಬಸ್ಸು ಹತ್ತುವ ಲೆಕ್ಕ ಹಾಕಿಕೊಂಡು ಬನ್ನಿ.

ಬಸ್ಸಿಗೆ ಹೊತ್ತಿದೆಯೇ? ಹಾಗಿದ್ದರೆ ಮೊಬೈಲು ಉಜ್ಜುತ್ತಾ ಕೂರಬೇಡಿ. ಹತ್ತಿರದ ಮಲಂದೂರಿನಲ್ಲಿ ಚಂಪಕ ಸರಸಿ ಇದೆ, ಆಟೋದಲ್ಲಿ ಹೋಗಿ ನೋಡಿ ಬನ್ನಿ. ಕೆಳದಿಯ ಅರಸ ವೆಂಕಟಪ್ಪ ನಾಯಕ ತಾನು ಪ್ರೀತಿಸಿದ ಚಂಪಕೆಯ ನೆನಪಿಗೆ ಕಟ್ಟಿಸಿದ್ದೆಂದು ಜನ ಹೇಳಿಕೊಂಡು ಬಂದ ಕೊಳ ಅದು. ಸುತ್ತಲೂ ಕಲ್ಲಿನ ಮೆಟ್ಟಿಲು, ನಡುವೆ ಪುಟ್ಟ ಗುಡಿ. ಬಹಳ ಕಾಲ ಹೂಳು ತುಂಬಿ ಪಾಳುಬಿದ್ದಿದ್ದನ್ನು ಕೆಲವು ವರ್ಷಗಳ ಹಿಂದೆ ಹೂಳೆತ್ತಿ ಸರಿಪಡಿಸಿದ್ದಾರೆ. ಮೆಟ್ಟಿಲ ಮೇಲೆ ಕೂತು ನೋಡಿ, ನೀರಿಗೆ ಇಳಿಯಬೇಡಿ, ತಿಂದ ಪೊಟ್ಟಣ ಅಲ್ಲಿ ಬಿಡಬೇಡಿ. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಕೊಳಕ್ಕೆ ಮತ್ತೆ ಕಸ ಬಿದ್ದರೆ ಊರಿನವರ ಹೊಟ್ಟೆ ಉರಿಯುತ್ತದೆ.

ಬಸ್ಸಿನ ವಿಷಯ ಬಂತಲ್ಲ, ಇದನ್ನು ಹೆಣ್ಣುಮಕ್ಕಳು ಸರಿಯಾಗಿ ಕೇಳಿಸಿಕೊಳ್ಳಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆಲ್ಲ ಬಸ್ಸು ಉಚಿತ ಎಂದು ಕೈಬೀಸಿಕೊಂಡು ಮಲೆನಾಡಿಗೆ ಬರಬೇಡಿ. ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಒಳದಾರಿಗಳಲ್ಲಿ ಓಡುವುದು ಬಹಳಷ್ಟು ಖಾಸಗಿ ಬಸ್ಸುಗಳು, ಅಲ್ಲಿ ದುಡ್ಡು ಕೊಟ್ಟೇ ಟಿಕೆಟ್ ತೆಗೆಯಬೇಕು. ಸರ್ಕಾರಿ ಬಸ್ಸಿಗೂ ಗುರುತಿನ ಚೀಟಿ ಬೇಕು. ಚಿಲ್ಲರೆ ಇಟ್ಟುಕೊಳ್ಳಿ. ಮೊಬೈಲಿನಲ್ಲೇ ಕಳಿಸುತ್ತೇನೆ ಎಂದರೆ ಸಿಗ್ನಲ್ ಇಲ್ಲದ ತಿರುವಿನಲ್ಲಿ ಕಂಡಕ್ಟರು ಏನು ಮಾಡಬೇಕು ಪಾಪ. ಈ ಖಾಸಗಿ ಬಸ್ಸುಗಳನ್ನು ಹಗುರವಾಗಿ ಕಾಣಲೂಬೇಡಿ. ಕೊಪ್ಪದ ಸಹಕಾರ ಸಾರಿಗೆಯ ಹೆಸರು ಕೇಳಿದ್ದೀರಾ? ಕೆಲಸ ಕಳೆದುಕೊಂಡ ಡ್ರೈವರು, ಕಂಡಕ್ಟರುಗಳೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ. ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿ, 2020ರಲ್ಲಿ ನಷ್ಟ ತಾಳಲಾರದೆ ನಿಂತುಹೋಯಿತು. ಅಂಥ ಬಸ್ಸುಗಳು ನಿಂತರೆ ಎಷ್ಟು ಹಳ್ಳಿಗಳಿಗೆ ದಾರಿಯೇ ಮುಚ್ಚಿದಂತೆ ಎಂಬುದು ನಮಗೆ ಗೊತ್ತು. ಕಾರು ಇದ್ದರೂ ಒಂದು ದಾರಿಯನ್ನಾದರೂ ಬಸ್ಸಿನಲ್ಲಿ ಹೋಗಿ ಎಂದು ನಾನು ಹೇಳುವುದು ಅದಕ್ಕೇ.

ಊರಿನೊಳಗೆ ಸುತ್ತಲು ಯಾವ ಗಾಡಿಯೂ ಬೇಡ. ತೀರ್ಥಹಳ್ಳಿ ದೊಡ್ಡ ಊರಲ್ಲ. ಆಜಾದ್ ರಸ್ತೆ, ಅಂಗಡಿ ಬೀದಿ, ರಾಮೇಶ್ವರ ದೇವಸ್ಥಾನ, ಹೊಳೆ, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಇಕ್ಕಟ್ಟಾದ ಬೀದಿಗೆ ದೊಡ್ಡ ಕಾರು ನುಗ್ಗಿಸಿ, ತಿರುಗಿಸಲಾಗದೆ ಹಾರ್ನ್ ಹೊಡೆಯುವುದರಲ್ಲಿ ಏನು ಸುಖವಿದೆ? ಒಂದು ಕಡೆ ನಿಲ್ಲಿಸಿ ನಡೆಯಿರಿ. ಆಟೋ ಹತ್ತುವುದಾದರೆ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ, ಹೋಗಿಬರುವುದಕ್ಕೋ ಬರೀ ಹೋಗುವುದಕ್ಕೋ, ಕಾಯುವುದಕ್ಕೆ ಎಷ್ಟು ಎಂಬುದನ್ನೂ ಸೇರಿಸಿ. ಇಳಿದ ಮೇಲೆ ಜಗಳ ಆಡಿದರೆ ಇಬ್ಬರ ದಿನವೂ ಹಾಳು. ದಾರಿ ಗೊತ್ತಾಗದಿದ್ದರೆ ಮೊಬೈಲಿನ ಮ್ಯಾಪಿಗಿಂತ ಮನುಷ್ಯರನ್ನು ನಂಬಿ. ಬಾಯಿದ್ದವರು ಬರಗಾಲದಲ್ಲೂ ಬದುಕಿದರಂತೆ. ಮ್ಯಾಪು ತೋರಿಸುವ ಹತ್ತಿರದ ದಾರಿ ಎಷ್ಟೋ ಸಲ ಯಾರದೋ ಅಡಿಕೆ ತೋಟದ ಬಾಗಿಲಿಗೆ ಹೋಗಿ ಮುಗಿಯುತ್ತದೆ.

ಇನ್ನು ಹೊಳೆ. ಇದನ್ನು ನಾನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರಪಡಬೇಡಿ.

‘ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ’ ಎಂಬ ಗಾದೆ ತೀರ್ಥಹಳ್ಳಿಯ ಮಟ್ಟಿಗೆ ಅಕ್ಷರಶಃ ನಿಜ. ಇಲ್ಲಿಗೆ ಬಂದವರೆಲ್ಲ ತುಂಗೆಗೆ ಇಳಿದೇ ಇಳಿಯುತ್ತಾರೆ. ತಾಯಿಯನ್ನು ಕೊಂದ ಪರಶುರಾಮನ ಕೊಡಲಿಗೆ ಅಂಟಿದ ರಕ್ತ ಇಲ್ಲಿಯ ನೀರಿನಲ್ಲಿ ತೊಳೆದುಹೋಯಿತು ಎಂಬುದು ಸ್ಥಳಪುರಾಣ. ಊರಿಗೆ ತೀರ್ಥದ ಹೆಸರು ಬಂದದ್ದೂ ಹಾಗೆಯೇ. ಮೀಯಬೇಡಿ ಎಂದು ನಾನು ಹೇಳುವುದಿಲ್ಲ. ಎಲ್ಲಿ, ಯಾವಾಗ ಎಂದು ಕೇಳಿ ಮೀಯಿರಿ. ಬೇಸಿಗೆಯ ತುಂಗೆ ಬಂಡೆಗಳ ನಡುವೆ ಬಡವಾಗಿ ಹರಿಯುವುದನ್ನು ನೋಡಿ ಮೊಣಕಾಲುದ್ದದ ನೀರು ಎಂದುಕೊಳ್ಳುತ್ತೀರಿ. ಒಂದು ಹೆಜ್ಜೆ ಆಚೆ ಇಟ್ಟರೆ ಆಳುದ್ದದ ಗುಂಡಿ ಇರುತ್ತದೆ. ಬಂಡೆಯ ಮೇಲಿನ ಪಾಚಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಈಜು ಬರುವವರೇ ಹೆಚ್ಚು ಮುಳುಗುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೆರೆಯಲ್ಲಿ, ಈಜುಕೊಳದಲ್ಲಿ ಕಲಿತ ಈಜು ಹೊಳೆಯ ಸೆಳವಿಗೆ ಸಾಲದು. ಊರಿನ ಹೆಂಗಸರು ಎಲ್ಲಿ ಬಟ್ಟೆ ಒಗೆಯುತ್ತಾರೋ, ಗಂಡಸರು ಎಲ್ಲಿ ಮೀಯುತ್ತಾರೋ ಅಲ್ಲೇ ಇಳಿಯಿರಿ. ಯಾರೂ ಇಲ್ಲದ ಚೆಂದದ ಜಾಗ ಸಿಕ್ಕಿತೆಂದು ಖುಷಿಪಡಬೇಡಿ. ಅಲ್ಲಿ ಯಾರೂ ಇಲ್ಲದಿರುವುದಕ್ಕೆ ಕಾರಣ ಇರುತ್ತದೆ.

ಮಳೆಗಾಲದಲ್ಲಿ ನೀರಿನ ಹತ್ತಿರವೂ ಸುಳಿಯಬೇಡಿ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಈ ನಾಲ್ಕು ಮಳೆಗಳಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ತುಂಗೆ ಬೇರೆಯೇ ಹೊಳೆ. ತೀರ್ಥಹಳ್ಳಿಯಲ್ಲಿ ಬಿಸಿಲಿದ್ದರೂ ಮೇಲೆ ಶೃಂಗೇರಿಯ ಕಡೆ ಹೊಯ್ದ ಮಳೆಗೆ ಇಲ್ಲಿ ನೀರು ಏರುತ್ತದೆ. ಹೊಳೆಯ ನಡುವಿನ ರಾಮಮಂಟಪ ಮುಳುಗಿತು ಎಂದರೆ ಊರಿಗೆ ಊರೇ ಎಚ್ಚರವಾಗುತ್ತದೆ. ಆಗ ಹೊಳೆ ನೋಡಲು ಜಯಚಾಮರಾಜೇಂದ್ರ ಸೇತುವೆ ಇದೆ. ಆ ಹಳೆಯ ಕಮಾನು ಸೇತುವೆಯ ಮೇಲೆ ನಿಂತು ಕೆಂಪು ನೀರು ಬೋರ್ಗರೆದು ಹೋಗುವುದನ್ನು ಕಣ್ತುಂಬ ನೋಡಿ. ಕಾರು ಮಾತ್ರ ಸೇತುವೆಯ ಮೇಲೆ ನಿಲ್ಲಿಸಬೇಡಿ, ಕಟ್ಟೆ ಹತ್ತಿ ಫೋಟೋ ತೆಗೆಯಬೇಡಿ, ಮಕ್ಕಳ ಕೈ ಬಿಡಬೇಡಿ.

‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುತ್ತಾರೆ. ಮೀಯುವುದಕ್ಕೆ ಗಂಗೆ, ಕುಡಿಯುವುದಕ್ಕೆ ತುಂಗೆ. ಅಷ್ಟು ಸಿಹಿಯಾದ ನೀರಿಗೆ ಶಾಂಪೂ ಪೊಟ್ಟಣ, ಸೋಪಿನ ಚೂರು, ಹಳೆಯ ಬಟ್ಟೆ, ಹೂವಿನ ಹಾರದ ಪ್ಲಾಸ್ಟಿಕ್ ದಾರ ಎಲ್ಲ ಬಿಟ್ಟು ಪುಣ್ಯ ಬಂತೆಂದು ಹೋಗುತ್ತೀರಲ್ಲ, ಇದು ಯಾವ ನ್ಯಾಯ? ಪುಣ್ಯಕ್ಷೇತ್ರಗಳ ನದಿ ದಡದಿಂದ 500 ಮೀಟರಿನೊಳಗೆ ಸೋಪು, ಶಾಂಪೂ ಮಾರದಂತೆ ನೋಡಿಕೊಳ್ಳಲು ರಾಜ್ಯದ ಅರಣ್ಯ ಸಚಿವರು 2025ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದ್ದರು. ಅದಕ್ಕೂ ಹಿಂದಿನ ವರ್ಷ ತುಂಗೆ ಸ್ವಚ್ಛವಾಗಲಿ ಎಂದು ಶೃಂಗೇರಿಯಿಂದ ಜನ ಪಾದಯಾತ್ರೆ ಹೊರಟಿದ್ದರು. ಹೊಳೆಯಲ್ಲಿ ಬರೀ ಮೂರು ಮುಳುಗು ಹಾಕಿ, ಸೋಪು ಹಚ್ಚಿ ಮೀಯುವುದನ್ನು ಕೋಣೆಯ ಬಚ್ಚಲಿಗೆ ಬಿಡಿ.

ಎಳ್ಳಮಾವಾಸ್ಯೆ ಜಾತ್ರೆಗೆ ಬರುವವರು ಬೇರೆಯೇ ತಯಾರಿ ಮಾಡಿಕೊಳ್ಳಬೇಕು. ಡಿಸೆಂಬರ್ ಎರಡನೇ ಭಾಗ, ಇಲ್ಲವೇ ಜನವರಿ ಮೊದಲ ಭಾಗದಲ್ಲಿ ಬರುವ ಆ ಅಮಾವಾಸ್ಯೆಗೆ ತೀರ್ಥಸ್ನಾನ, ರಥೋತ್ಸವ, ಹೊಳೆಯಲ್ಲಿ ತೆಪ್ಪೋತ್ಸವ ಎಂದು ಮೂರು ದಿನ ಊರು ತುಂಬಿ ತುಳುಕುತ್ತದೆ. ಕೋಣೆ ಮೊದಲೇ ಗೊತ್ತು ಮಾಡಿಕೊಳ್ಳದೆ ಬಂದು ಪರದಾಡಬೇಡಿ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ತೆಪ್ಪೋತ್ಸವ ನೋಡಲು ನೀರಿನಂಚಿನ ಬಂಡೆಗೆ ಹೋಗುವುದಕ್ಕಿಂತ ಮೇಲೆ ನಿಂತರೆ ಚೆನ್ನಾಗಿ ಕಾಣುತ್ತದೆ.

ಊರಿನ ಸುತ್ತ ನೋಡುವುದು ಬಹಳ ಇದೆ. ಅಲ್ಲೇ ನೀವು ಎಡವುವುದು. ಬೆಳಿಗ್ಗೆ ಕುಪ್ಪಳಿ, ಮಧ್ಯಾಹ್ನ ಕವಲೇದುರ್ಗ, ಸಂಜೆ ಆಗುಂಬೆ, ನಡುವೆ ಚಿಬ್ಬಲಗುಡ್ಡೆ ಎಂದು ಪಟ್ಟಿ ಮಾಡಿಕೊಂಡು ಬರುತ್ತೀರಿ. ಅತಿ ಆಸೆ ಗತಿಗೇಡು. ಮಲೆನಾಡಿನ ದಾರಿಯಲ್ಲಿ 20 ಕಿಲೋಮೀಟರ್ ಎಂದರೆ ಬಯಲುಸೀಮೆಯ 20 ಅಲ್ಲ, ತಿರುವು ಹೆಚ್ಚು. ದಿನಕ್ಕೆ ಎರಡು ಜಾಗ ಸಾಕು.

ಕುಪ್ಪಳಿಗೆ ಕೊಪ್ಪದ ದಾರಿ. ಮುಖ್ಯರಸ್ತೆಯಲ್ಲಿ ಇಳಿದು ಸ್ವಲ್ಪ ಒಳಗೆ ನಡೆಯಬೇಕು. ಕುವೆಂಪು ಬೆಳೆದ ತೊಟ್ಟಿಮನೆಯನ್ನು ಓಡುನಡಿಗೆಯಲ್ಲಿ ನೋಡಬೇಡಿ. ಬತ್ತದ ಕಣಜ, ಅಡುಗೆಮನೆ, ಹಳೆಯ ಪಾತ್ರೆಗಳು, ಎಲ್ಲದರ ಮುಂದೆ ನಿಂತು ಮಕ್ಕಳಿಗೆ ವಿವರಿಸಿ. ಅಲ್ಲಿಂದ ಮೇಲೆ ಕವಿಶೈಲ. 1994ರ ನವೆಂಬರಿನಲ್ಲಿ ತೀರಿಕೊಂಡ ಕವಿಯ ಸಮಾಧಿ ಇರುವ ಜಾಗ ಅದು. ಅಲ್ಲಿಯ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು 1936ರಲ್ಲಿ ಬಿಟ್ಟುಹೋದ ಹೆಸರಿನ ಗುರುತುಗಳಿವೆ. ಅದನ್ನು ನೋಡಿ ಸ್ಫೂರ್ತಿ ಬಂದು ನಿಮ್ಮ ಹೆಸರನ್ನೂ ಪಕ್ಕದಲ್ಲಿ ಗೀಚಬೇಡಿ. ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಬೇಡಿ. ಸಂಜೆಯ ಹೊತ್ತು ಅಲ್ಲಿ ಸುಮ್ಮನೆ ಕೂತರೆ ಕಾಡಿನ ಸದ್ದೇ ಸಾಕಷ್ಟಿರುತ್ತದೆ.

ಚಿಬ್ಬಲಗುಡ್ಡೆ ಊರಿಗೆ ಹತ್ತಿರ, ಹತ್ತು ಕಿಲೋಮೀಟರಿನಷ್ಟು. ಗಣಪತಿ ದೇವಸ್ಥಾನದ ಮೆಟ್ಟಿಲ ಬಳಿ ತುಂಗೆಯ ಮೀನುಗಳು ಹಿಂಡುಹಿಂಡಾಗಿ ಬರುತ್ತವೆ. ಅದು ಮತ್ಸ್ಯಧಾಮ, ಮೀನು ಹಿಡಿಯುವಂತಿಲ್ಲ. ಬಿಸ್ಕತ್ತು, ಚಿಪ್ಸು ಎಸೆಯಬೇಡಿ. ಮೀನಿಗೆ ಕೈ ಚಾಚಲು ಬಗ್ಗುವ ಮಕ್ಕಳನ್ನು ಹಿಡಿದುಕೊಂಡೇ ಇರಿ, ಅಲ್ಲಿ ನೀರು ಬಹಳ ಆಳ.

ಕವಲೇದುರ್ಗಕ್ಕೆ ಬೆಳಿಗ್ಗೆ ಬೇಗ ಹೊರಡಿ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ನೆನಪಿರಲಿ, ಗದ್ದೆಯಂಚಿನಿಂದ ನೋಡಿದಾಗ ಇಷ್ಟೇನಾ ಅನ್ನಿಸುತ್ತದೆ. ಸುತ್ತಿನ ಮೇಲೆ ಸುತ್ತು ಕೋಟೆ ಏರುವಾಗ ಉಸಿರು ಹತ್ತುತ್ತದೆ. ಕೆಳದಿ ನಾಯಕರು ಹಾಸಿದ ಕಲ್ಲು ಮಳೆಗಾಲದಲ್ಲಿ ಜಾರುತ್ತದೆ, ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ಮೇಲೆ ಅಂಗಡಿ ಇಲ್ಲ, ನೀರು ನೀವೇ ಒಯ್ಯಬೇಕು, ಖಾಲಿ ಬಾಟಲಿ ನೀವೇ ತರಬೇಕು.

ಆಗುಂಬೆ ತೀರ್ಥಹಳ್ಳಿಯಿಂದ 30 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಸೂರ್ಯಾಸ್ತ ನೋಡಲು ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮೋಡ ಬಿಟ್ಟರೆ ಏನೂ ಕಾಣುವುದಿಲ್ಲ. ಬಸ್ಸಿನಲ್ಲಿ ಹೋದವರು ಸೂರ್ಯ ಮುಳುಗಿದ ಮೇಲೆ ವಾಪಸ್ ಬಸ್ಸು ಇದೆಯೇ ಎಂದು ಹೋಗುವಾಗಲೇ ಕೇಳಿಕೊಳ್ಳಬೇಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಕತ್ತಲಲ್ಲಿ ಕೈ ಅಡ್ಡ ಹಾಕಿ ನಿಲ್ಲಬೇಡಿ. ಉಡುಪಿಯಿಂದ ಹೆಬ್ರಿ ಮೇಲೆ ಬರುವವರಿಗೆ ಆಗುಂಬೆಯ ಘಾಟಿಯೇ ದಾರಿ. ಹೇರ್‌ಪಿನ್ ತಿರುವುಗಳು ಬಹಳ ಬಿಗಿ, ಆದ್ದರಿಂದ ಅಲ್ಲಿ ಮಿನಿ ಬಸ್ಸುಗಳು ಓಡುತ್ತವೆ. ಜೋರು ಮಳೆಗೆ ಗುಡ್ಡ ಕುಸಿದು ದಾರಿ ಮುಚ್ಚುವುದುಂಟು, ಹೊರಡುವ ದಿನ ಬೆಳಿಗ್ಗೆ ವಿಚಾರಿಸಿ. ಏರುವ ಗಾಡಿಗೆ ದಾರಿ ಬಿಡಿ. ತಿರುವಿನಲ್ಲಿ ನಿಲ್ಲಿಸಿ ಕೋತಿಗಳಿಗೆ ತಿಂಡಿ ಹಾಕಬೇಡಿ. ತಿಂಡಿಯ ಆಸೆಗೆ ರಸ್ತೆಗೆ ಇಳಿದು ಚಕ್ರಕ್ಕೆ ಸಿಕ್ಕುವುದು ಅವೇ. ಜಲಪಾತಗಳಿಗೆ ಅರಣ್ಯ ಇಲಾಖೆ ಬೇಡ ಎಂದ ದಿನ ಕಾಡಿನ ಸುತ್ತು ದಾರಿ ಹುಡುಕಲೇಬೇಡಿ.

ಕಾಡಿನ ಮಾತು ಬಂದಾಗ ಇಂಬಳ, ಉಣುಗು ಎರಡನ್ನೂ ಹೇಳಬೇಕು. ಮಳೆಗಾಲದ ಇಂಬಳಕ್ಕೆ ಹೆದರಬೇಡಿ. ಉಪ್ಪು ಮುಟ್ಟಿಸಿದರೆ ಬಿದ್ದುಹೋಗುತ್ತದೆ, ಎಳೆದು ಕೀಳಬೇಡಿ, ಅಷ್ಟೇ. ಹೆದರಬೇಕಾದ್ದು ಉಣುಗಿಗೆ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ತಂದ ಸಾವುನೋವನ್ನು ನಾವು ಮರೆತಿಲ್ಲ. ಡಿಸೆಂಬರಿನಿಂದ ಮೇ ತನಕ ಅದರ ಕಾಲ, ಅಂದರೆ ಪ್ರವಾಸಿಗರು ಹೆಚ್ಚು ಬರುವ ಕಾಲವೇ. ಆ ದಿನಗಳಲ್ಲಿ ಕಾಡಿನೊಳಗೆ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ತುಂಬುತೋಳು, ಉದ್ದ ಪ್ಯಾಂಟು ಹಾಕಿ. ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಊರಿನವರಿಗೆ ತಿಳಿಸಿ. ಮನೆಗೆ ಹೋಗಿ ಕೆಲವು ದಿನಕ್ಕೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ತಪ್ಪದೆ ಹೇಳಿ.

ಇನ್ನು ಜನರ ನಡುವೆ ನಡೆದುಕೊಳ್ಳುವ ರೀತಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಅದು ಒಂದು ಮನೆಯ ವರ್ಷದ ದುಡಿಮೆ. ತುಳಿಯಬೇಡಿ, ಅದರ ಪಕ್ಕ ಗಾಡಿ ತಿರುಗಿಸಿ ಧೂಳೆಬ್ಬಿಸಬೇಡಿ. ತೋಟದೊಳಗೆ ಕೇಳದೆ ಕಾಲಿಡಬೇಡಿ. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಾರು. ಬೇಲಿಯ ದಣಪೆ ಸರಿಸಿ ಒಳಗೆ ಹೋದರೆ ಮತ್ತೆ ಹಾಕಿ ಬನ್ನಿ. ದನ ನುಗ್ಗಿ ಗಿಡ ತಿಂದರೆ ಆ ಮನೆಯವರು ಯಾರನ್ನು ಕೇಳಬೇಕು? ದೇವಸ್ಥಾನದಲ್ಲಿ, ಬಸದಿಯಲ್ಲಿ ಫೋಟೋಗೆ ಮುಂಚೆ ಒಪ್ಪಿಗೆ ಕೇಳಿ. ಸಣ್ಣ ಹೋಟೆಲಿಗೆ ಹೋದಾಗ ಊರಿನ ಊಟ ಕೇಳಿ ತಿನ್ನಿ. ಕಡುಬು ಇದ್ದರೆ ಕಡುಬು, ತಂಬುಳಿ ಇದ್ದರೆ ತಂಬುಳಿ. ಪೇಟೆಯ ತಿಂಡಿ ಪೇಟೆಯಲ್ಲೇ ಸಿಗುತ್ತದಲ್ಲ.

ಕೊನೆಗೊಂದು, ಇದನ್ನು ಮಾತ್ರ ಮರೆಯಬೇಡಿ. ಬೆಳಿಗ್ಗೆ ಕೋಣೆ ಬಿಡುವಾಗ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ವಸತಿಗೃಹದವರಿಗೋ ಮನೆಯವರಿಗೋ ಹೇಳಿಯೇ ಹೊರಡಿ. ಗುಡ್ಡ ಅಡ್ಡ ಬಂದಲ್ಲಿ ಫೋನು ಹೋಗುವುದಿಲ್ಲ. ನೀವು ಹೇಳಿಹೋದ ಮಾತೇ ಹುಡುಕುವವರಿಗೆ ದಾರಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಎರಡೂ ನಂಬರನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ ಕರೆದುಕೊಂಡು ಬನ್ನಿ.